ಗೇಟಿನವರೆಗೆ ಬರುವ ಸದ್ದು

ಅಣ್ಣ ತೀರಿಕೊಂಡ ಮೇಲೆ ಅವನ ಕಾರನ್ನು ಬಹಳ ದಿನ ಯಾರೂ ಮುಟ್ಟಲಿಲ್ಲ. ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲಿ, ಈರುಳ್ಳಿ ರಾಶಿಗೆ ಹೊದಿಸುವ ನೀಲಿ ಟಾರ್ಪಾಲಿನ ಕೆಳಗೆ ಅದು ನಿಂತಿತ್ತು. ಅಣ್ಣ ಸತ್ತದ್ದು ಕಾರಿನಲ್ಲಲ್ಲ. ಒಂದು ಬೆಳಿಗ್ಗೆ ಕೋಸಿನ ಹೊಲಕ್ಕೆ ನೀರು ತಿರುಗಿಸುತ್ತಿದ್ದವನು ಬದುವಿನ ಮೇಲೆ ಕುಳಿತ, ಮತ್ತೆ ಏಳಲಿಲ್ಲ. ಡಾಕ್ಟರು ಹೃದಯ ಅಂದರು. ಅಷ್ಟೇ. ಹೇಳುವುದಕ್ಕೆ ಇನ್ನೇನೂ ಇಲ್ಲದ ಸಾವು.

ಕಾರಿನದೇ ದೊಡ್ಡ ಕಥೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿದಂಥ ಮೈ, ಉದ್ದನೆಯ ಮೂತಿ. ಯಾವ ಕಾಲದ್ದೋ ಸ್ಪೋರ್ಟ್ಸ್ ಕಾರು. ಆಲೂಗಡ್ಡೆ ಲೋಡಿನ ಜೊತೆ ಮೇಟುಪಾಳಯಂ ಮಂಡಿಗೆ ಹೋಗಿದ್ದ ಅಣ್ಣ ಬಿತ್ತನೆಗೆಡ್ಡೆ ನೋಡಿಬರಲು ಕೂನೂರಿನ ಕಡೆಯ ಒಂದು ಎಸ್ಟೇಟಿಗೆ ಹತ್ತಿದ್ದ. ಅಲ್ಲಿ ಕೋಳಿಗೂಡಿನ ಪಕ್ಕ ಧೂಳು ಹೊದ್ದು ನಿಂತಿದ್ದ ಇದನ್ನು ಕಂಡು, ಬಿತ್ತನೆಗೆಡ್ಡೆಯ ಮಾತೇ ಮರೆತು, ವಾರದ ನಂತರ ದಿಂಬಂ ಘಾಟಿ ಹತ್ತಿಸಿಕೊಂಡು ಮನೆಗೆ ತಂದ. ನಮ್ಮ ಮನೆಯಿರುವುದು ದೊಡ್ಡಗಾಜನೂರಿನ ಆಚೆ, ಹೊಲದ ನಡುವೆ. ಮುಖ್ಯ ರಸ್ತೆಯಿಂದ ಒಳಗೆ ಬರುವ ಮಣ್ಣುದಾರಿಯ ಉಬ್ಬು ಕಾರಿನ ಹೊಟ್ಟೆಗೆ ತಾಗುತ್ತದೆಂದು ಟ್ರ್ಯಾಕ್ಟರಿನಲ್ಲಿ ಆ ಉಬ್ಬನ್ನೇ ಕೆರೆಸಿದ. ಊರಿನವರು ಅದಕ್ಕೆ ಕಪ್ಪೆಕಾರು ಅಂತ ಹೆಸರಿಟ್ಟರು. ಅಣ್ಣನಿಗೆ ಬೇಸರವಾಗಲಿಲ್ಲ. ಕೊನೆಗೆ ಅವನೂ ಕಪ್ಪೆ ಅಂತಲೇ ಕರೆಯತೊಡಗಿದ.

ಕಪ್ಪೆಗೆ ಒಂದು ಸದ್ದಿತ್ತು. ಇಂಜಿನ್ನಿನ ಸದ್ದಲ್ಲ. ಅದರ ಮೇಲೆ ತೆಳ್ಳಗೆ, ಸಣ್ಣ ಮಗು ಹಟ ಹಿಡಿದು ರಾಗ ಎಳೆದಂತೆ ಇನ್ನೊಂದು ಸದ್ದು. ವೇಗ ಹೆಚ್ಚಿದರೆ ರಾಗ ಏರುತ್ತಿತ್ತು, ಕಡಿಮೆಯಾದರೆ ಇಳಿಯುತ್ತಿತ್ತು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನ ಬೇರಿಂಗು ಸವೆದು ಬರುವ ಸದ್ದು ಅದು. ನಮ್ಮ ಕಡೆ ಅದನ್ನು ಈಗಲೂ ಡೈನಮೋ ಅಂತಲೇ ಅನ್ನುವುದು. ಮುಖ್ಯ ರಸ್ತೆ ಬಿಟ್ಟು ಮಣ್ಣುದಾರಿಗೆ ತಿರುಗುತ್ತಿದ್ದಂತೆ ಮನೆಯೊಳಗೆ ಕೇಳಿಸುತ್ತಿತ್ತು.

ಆನೆಗಳ ಕಾಟಕ್ಕೆ ಹೊಲದ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದೇವೆ, ಮನೆಯ ಮುಂದೆ ಕಬ್ಬಿಣದ ಗೇಟು. ಹೊತ್ತು ಇಳಿದರೆ ಗೇಟು ಮುಚ್ಚಲೇಬೇಕು. ಒಂದೇ ಮನೆಯನ್ನು ನಡುಗೋಡೆ ಹಾಕಿ ಎರಡು ಮಾಡಿಕೊಂಡಿದ್ದೇವೆ. ಅತ್ತ ಅಣ್ಣ ಅತ್ತಿಗೆ, ಇತ್ತ ನಾನು ಮತ್ತು ನನ್ನ ಹೆಂಡತಿ. ಅಂಗಳ ಒಂದೇ, ಗೇಟು ಒಂದೇ. ಸದ್ದು ಕೇಳಿದ ಕೂಡಲೆ ಅತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಗೇಟು ತೆಗೆಯುವರು. ತೆಗೆದು, ಕಾರು ಒಳಗೆ ಬರುವ ತನಕ ಗೊಣಗುವರು. ಇಷ್ಟು ಖರ್ಚು ಮಾಡುವವರು ಆ ಕಿರುಚಾಟ ಒಂದು ನಿಲ್ಲಿಸಬಾರದೇ, ಕಿವಿ ತೂತು ಬೀಳುತ್ತದೆ ಅಂತ. ಅಣ್ಣ ನಕ್ಕು ಒಳಗೆ ಹೋಗುತ್ತಿದ್ದ. ಇದು ವರ್ಷಗಟ್ಟಲೆ ನಡೆಯಿತು.

ಅವನು ಹೋದ ಮೇಲೆ ಅತ್ತಿಗೆ ಸಂಜೆ ಹೊತ್ತು ಗೇಟಿನ ಬಳಿ ನಿಂತಿರುವುದನ್ನು ಮೊದಲು ಕಂಡದ್ದು ನನ್ನ ಹೆಂಡತಿ. ದಿನವೂ ಅಲ್ಲ, ಆಗೊಮ್ಮೆ ಈಗೊಮ್ಮೆ. ಚಿಲಕ ತೆಗೆದು, ಗೇಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಕಾರಿಗೆ ದಾರಿ ಬಿಟ್ಟವರ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮುಚ್ಚಿ ಬರುವರು. ನಾವು ಕೇಳಲಿಲ್ಲ. ಏನೆಂದು ಕೇಳುವುದು? ಗಂಡ ಸತ್ತ ಹೆಂಗಸು ಗೇಟಿನ ಬಳಿ ನಿಂತರೆ ಯಾಕೆ ನಿಂತಿರಿ ಅನ್ನುವುದಕ್ಕಾಗುತ್ತದೆಯೇ?

ಒಂದು ದಿನ ಅವರೇ ನನ್ನನ್ನು ಶೆಡ್ಡಿಗೆ ಕರೆದು ಟಾರ್ಪಾಲು ತೋರಿಸಿದರು.

"ಇದ ಒಂದು ಮಾರ್ಬುಡು, ಇಲ್ಲ ಓಡುಸು. ಇಂಗೆ ಎಣ ಮುಚ್ಚ್ದಂಗೆ ಮುಚ್ಚಿ ಮಡಗ್ಬ್ಯಾಡ."

ಮಾರುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಹೊಸ ಬ್ಯಾಟರಿ ಹಾಕಿ, ಹಳೆಯ ಪೆಟ್ರೋಲು ಚೆಲ್ಲಿ, ಸ್ಟಾರ್ಟ್ ಮಾಡಿದೆ. ಸ್ವಲ್ಪ ಕೆಮ್ಮಿ ಹತ್ತಿಕೊಂಡಿತು. ಜೊತೆಗೇ ಆ ರಾಗವೂ ಎದ್ದಿತು. ತಾಳವಾಡಿಗೆ ಹೋಗಿ, ಗೊಬ್ಬರದಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತು, ಸಂಜೆಗೆ ಹಿಂದಿರುಗಿದೆ. ಮಣ್ಣುದಾರಿಗೆ ತಿರುಗಿದಾಗ ದೂರದಿಂದಲೇ ಕಂಡಿತು: ಅತ್ತಿಗೆ ಓಡಿ ಬರುತ್ತಿದ್ದರು. ನಡೆದು ಅಲ್ಲ, ಓಡಿ. ಕೈಗೆ ರಾಗಿ ಹಿಟ್ಟು ಮೆತ್ತಿತ್ತು. ಗೇಟು ತೆಗೆದರು. ಗಾಜಿನ ಹಿಂದೆ ನನ್ನ ಮುಖ ಕಂಡಿತು. ಆಗ ಅವರ ಮುಖದಲ್ಲಿ ಏನೋ ಆರಿಹೋದದ್ದನ್ನು ನಾನು ನೋಡಿದೆ. ನಾನೇ ಅಲ್ಲಿ ಕುಳಿತು ಅವನನ್ನು ಇನ್ನೊಂದು ಸಲ ಸಾಯಿಸಿದ ಹಾಗೆ ಆಯಿತು.

ಆದರೂ ಕಾರು ಓಡಿಸುವುದನ್ನು ನಾನು ಬಿಡಲಿಲ್ಲ. ಅವರೂ ಬೇಡ ಅನ್ನಲಿಲ್ಲ. ಪ್ರತಿ ಸಲ ಬಂದು ಗೇಟು ತೆಗೆಯುತ್ತಿದ್ದರು, ಆದರೆ ಆಮೇಲೆ ತಲೆ ಎತ್ತಿ ಒಳಗೆ ನೋಡುತ್ತಿರಲಿಲ್ಲ.

ಜೀರಹಳ್ಳಿಯ ಕಡೆ ನಮಗೊಂದು ಗುತ್ತಿಗೆ ಹೊಲವಿದೆ. ಒಂದು ಸಂಜೆ ಅಲ್ಲಿಂದ ಬರುವಾಗ ಕಾಡಿನ ನಡುವಿನ ರಸ್ತೆಯಲ್ಲಿ ಸ್ಟೇರಿಂಗಿನ ಮುಂದಿನ ಮೀಟರುಗಳ ನಡುವೆ ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು. ಆಗಲೇ ಮಬ್ಬು ಕವಿದಿತ್ತು. ಹೆಡ್‌ಲೈಟಿನ ಬೆಳಕು ಹಳದಿಯಾಗಿ, ಕಂದಾಗಿ, ರಸ್ತೆ ಬಿಟ್ಟು ಬಾನೆಟ್ಟಿನ ಹತ್ತಿರಕ್ಕೇ ಬಂದುಬಿಟ್ಟಿತು. ಒಂದು ತಿರುವಿನಲ್ಲಿ ಇಂಜಿನ್ನು ನಿಂತಿತು. ಹಾರ್ನ್ ಒತ್ತಿದರೆ ಬರೀ ಟಕ್ ಅಂದಿತು.

ಬಿದಿರು ಮುರಿಯುವ ಸದ್ದು ಹತ್ತಿರದಲ್ಲೇ ಇತ್ತು. ಇಳಿಯುವಂತಿಲ್ಲ. ಗಾಜು ಏರಿಸಿಕೊಂಡು ಕುಳಿತೆ. ಕಪ್ಪೆಯಲ್ಲಿ ಕುಳಿತರೆ ಕಣ್ಣು ಆನೆಯ ಮೊಣಕಾಲಿನ ಮಟ್ಟಕ್ಕೆ ಬರುತ್ತದೆ ಅಂತ ಅಣ್ಣ ತಮಾಷೆ ಮಾಡುತ್ತಿದ್ದ. ಅದು ತಮಾಷೆಯಲ್ಲ ಅಂತ ಅವತ್ತು ಗೊತ್ತಾಯಿತು. ಒಂದು ಹೆಣ್ಣಾನೆ, ಅದರ ಹಿಂದೆ ಮರಿ, ಅದರ ಹಿಂದೆ ಇನ್ನೆರಡು, ರಸ್ತೆ ದಾಟಿ ಹೋದವು. ಅವು ಹೋದ ಮೇಲೆ ಕಾಡು ಕಿವಿಗಡಚಿಕ್ಕುವಷ್ಟು ಸುಮ್ಮನಾಯಿತು.

ಆಗ ಆ ರಾಗ ಕೇಳಿತು.

ಇಂಜಿನ್ನು ನಿಂತಿದೆ. ಕೀಲಿ ನನ್ನ ಕೈಯಲ್ಲಿದೆ. ಆದರೂ ಅದು ಕೇಳಿತು. ಮೊದಲು ಬಾನೆಟ್ಟಿನೊಳಗಿಂದಲೇ ಬಂದ ಹಾಗಿತ್ತು. ಆಮೇಲೆ ಮುಂದೆ, ರಸ್ತೆಯ ಮೇಲೆ. ಗೇರು ಬದಲಿಸಿದಾಗ ಇಳಿಯುವಂತೆ ಒಮ್ಮೆ ಇಳಿದು, ಮತ್ತೆ ಏರಿ, ತಿರುವಿನ ಆಚೆ ದೂರ ದೂರ ಹೋಗಿ ಕರಗಿತು. ಕಾರು ನನ್ನೊಬ್ಬನನ್ನು ಅಲ್ಲೇ ಕೂರಿಸಿ ತಾನು ಮನೆಗೆ ಹೊರಟುಹೋದ ಹಾಗೆ.

ನಾನು ಹೆದರುವ ಜಾತಿಯವನಲ್ಲ. ಆದರೆ ಆಗ ಪಕ್ಕದ ಸೀಟಿನ ಕಡೆ ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಟೊಮೇಟೊ ಕ್ರೇಟು ತುಂಬಿದ ಪಿಕಪ್ ಒಂದು ಬಂತು. ಗುರುತಿನ ಡ್ರೈವರು. ಕಾರನ್ನು ರಸ್ತೆಯ ಪಕ್ಕಕ್ಕೆ ತಳ್ಳಿಸಿ ನನ್ನನ್ನು ಹತ್ತಿಸಿಕೊಂಡ. ಮುಖ್ಯ ರಸ್ತೆಯಲ್ಲಿ ಇಳಿದು ಮನೆಗೆ ನಡೆದು ಬಂದರೆ ಗೇಟು ಪೂರ್ತಿ ತೆರೆದಿತ್ತು. ಅತ್ತಿಗೆ ಅಂಗಳದಲ್ಲಿ ನಿಂತು ಶೆಡ್ಡಿನ ಕಡೆ ನೋಡುತ್ತಿದ್ದರು. ನಾನು ಹಿಂದಿನಿಂದ ಬಂದದ್ದು ಕಂಡು ಬೆಚ್ಚಿದರು.

"ನೀನು ಆಗ್ಲೇ ಬಂದ್ಯಲ್ಲಪ್ಪ. ಸದ್ದು ಒಳಿಕ್ಕೆ ಬಂತು. ನಾನೇ ಗೇಟ್ ತಗುದಿದ್ದು."

ಕಾರು ಕಾಡಿನಲ್ಲಿ ನಿಂತಿದೆ ಅಂದೆ. ಸದ್ದಿನ ಮಾತು ಎತ್ತಲಿಲ್ಲ. ಅವರು ನನ್ನ ಮುಖ ನೋಡಿ ಕೇಳಿದರು: "ನಿಂಗೂ ಕೇಳುಸ್ತಾ?"

"ಕೇಳುಸ್ತು ಅತ್ಗೆ," ಅಂದೆ.

ಅಲ್ಲಿಯವರೆಗೂ ಅವರು ಅದು ತಮ್ಮ ತಲೆಯೊಳಗಿನ ಸದ್ದು ಅಂದುಕೊಂಡಿದ್ದರಂತೆ. ತಲೆ ಕೆಟ್ಟಿದೆ ಅನ್ನುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಶೆಡ್ಡಿನಲ್ಲಿ ಕಾರು ಟಾರ್ಪಾಲು ಹೊದ್ದು ನಿಂತಿದ್ದಾಗಲೂ ಮಣ್ಣುದಾರಿಯಲ್ಲಿ ಅದು ಬರುವುದು ಕೇಳಿಸುತ್ತಿತ್ತಂತೆ. ಗೇಟು ತೆಗೆದರೆ ನಿಲ್ಲುತ್ತಿತ್ತಂತೆ. ತೆಗೆಯದಿದ್ದರೆ ಅಲ್ಲೇ ಗೇಟಿನ ಆಚೆ ಕೊರಗುತ್ತಾ ನಿಂತಿರುತ್ತಿತ್ತಂತೆ. ಇಷ್ಟು ಹೇಳಿ ಅವರು ಅತ್ತರು. ಅಣ್ಣ ಸತ್ತ ದಿನ ನನ್ನೆದುರು ಅತ್ತಿರಲಿಲ್ಲ.

"ಆ ಸದ್ದ ನಿಲ್ಲುಸ್ಬುಡಪ್ಪ. ನಂಗೆ ಇನ್ನ ಆಗದಿಲ್ಲ."

ಮರುದಿನ ಟ್ರ್ಯಾಕ್ಟರಿನಲ್ಲಿ ಕಾರನ್ನು ಎಳೆದು ತಂದೆವು. ಬೆಲ್ಟು ಸಡಿಲಿಸಿ ಆಲ್ಟರ್ನೇಟರನ್ನು ನಾನೇ ಬಿಚ್ಚಿದೆ. ಕೈಯಲ್ಲಿ ಹಿಡಿದು ಪುಲ್ಲಿಯನ್ನು ತಿರುಗಿಸಿದರೆ ಒಳಗೆ ಮರಳು ತುಂಬಿದಂತೆ ಗರಗರ ಅಂದಿತು. ಅದನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಚಾಮರಾಜನಗರಕ್ಕೆ ಹೊರಟಾಗ ಅತ್ತಿಗೆ ಸೀರೆ ಬದಲಿಸಿ ಬಂದು ನಿಂತಿದ್ದರು. ತಾವೂ ಬರುವುದಾಗಿ ಹೇಳಿದರು. ಬಸ್ಸಿನಲ್ಲಿ ಚೀಲವನ್ನು ಕಾಲಬುಡದಲ್ಲಿ ಇಡಲು ಬಿಡದೆ ತೊಡೆಯ ಮೇಲೇ ಇಟ್ಟುಕೊಂಡರು. ಗ್ರೀಸಿನ ಕಲೆ ಸೀರೆಗೆ ಹತ್ತಿತು.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಡೈನಮೋ, ಸ್ಟಾರ್ಟರ್ ಮೋಟಾರುಗಳನ್ನೇ ಕಟ್ಟಿಕೊಡುವ ಒಬ್ಬರಿದ್ದಾರೆ. ನನಗೆ ಅವರ ಪರಿಚಯವಿರಲಿಲ್ಲ. ಟ್ರ್ಯಾಕ್ಟರ್ ಮೆಕ್ಯಾನಿಕ್ಕು ದಾರಿ ಹೇಳಿದ್ದ. ಅಗಲ ಮುಖದ, ದೊಡ್ಡ ಗಂಟಲಿನ ಮನುಷ್ಯ. ಮಾತಿಗೆ ನಿಂತರೆ ತಮ್ಮ ಗುಣಗಾನ ತಾವೇ ಮಾಡಿಕೊಳ್ಳುವ ಪೈಕಿ; ಮೈಸೂರಿನವರು ಕೈಬಿಟ್ಟ ಮಾಲು ತಮ್ಮ ಹತ್ತಿರ ಬರುತ್ತದೆ ಅನ್ನುವುದನ್ನು ಬಾಗಿಲಲ್ಲೇ ಹೇಳಿದರು. ಚೀಲ ಬಿಚ್ಚಿದೆ. ಅವರು ಆಲ್ಟರ್ನೇಟರನ್ನು ಬೆಂಚಿನ ಮೇಲಿಟ್ಟು ಒಮ್ಮೆ ಹೊರಳಿಸಿ ನೋಡಿದರು. ಮುಖ ಅರಳಿತು.

"ಇದು ಆ ಕೆಂಪು ಕಾರಿಂದಲ್ವ? ತಾಳವಾಡಿ ಕಡೇದು. ಯಜಮಾನ್ರು ಬರ್ನಿಲ್ವ?"

ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಅತ್ತಿಗೆ. "ಬರ್ನಿಲ್ಲ," ಅಂದರು.

ಅಂಗಡಿಯವರು, ಮತ್ತೆ ಹಾಗೇ ಕೂಡಿಸಲು, ಉಳಿಯ ಮೊನೆಯಿಂದ ಎರಡೂ ಹೋಳುಗಳ ಮೇಲೆ ಒಂದು ಗುರುತು ಹಾಕಿ, ಉದ್ದನೆಯ ಬೋಲ್ಟು ತೆಗೆದು, ಅದನ್ನು ತೆಂಗಿನಕಾಯಿಯಂತೆ ಎರಡು ಮಾಡಿದರು. ಒಳಗಿಂದ ಕಪ್ಪು ಪುಡಿ ಬೆಂಚಿನ ಮೇಲೆ ಉದುರಿತು. ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದ ಪುಡಿ. ಅತ್ತಿಗೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ನೋಡುತ್ತಿದ್ದರು. ತಾಮ್ರದ ಉಂಗುರದ ಮೇಲೆ ಬೆರಳಿಗೆ ಸಿಗುವಷ್ಟು ಆಳದ ಗೆರೆ ಬಿದ್ದಿತ್ತು. ತಂತಿಯ ಸುತ್ತು ಒಂದು ಕಡೆ ಸುಟ್ಟು ಕಪ್ಪಾಗಿತ್ತು. ಬೇರಿಂಗನ್ನು ಕಳಚಿ ಅವರು ನನ್ನ ಅಂಗೈಗೆ ಹಾಕಿದರು. ಗುಂಡುಗಳು ಒಳಗೆ ಅಲುಗಾಡುತ್ತಿದ್ದವು.

ಈ ಬೇರಿಂಗಿನಿಂದಲೇ ಮಿಕ್ಕಿದ್ದೆಲ್ಲ ಹಾಳಾದದ್ದು ಅಂತ ವಿವರಿಸಿದರು. ಇದು ಅಲುಗಾಡಿದರೆ ನಡುವಿನ ದಿಂಡು ಓರೆಯಾಗಿ ತಿರುಗುತ್ತದೆ, ಉಂಗುರ ತೇಯುತ್ತದೆ, ಕರೆಂಟು ಹುಟ್ಟುವುದು ನಿಲ್ಲುತ್ತದೆ. ಯಾವತ್ತೋ ಬದಲಿಸಬೇಕಿತ್ತು ಅಂದರು. ಹಾಗಂದವರು ಕೈ ಒರೆಸಿಕೊಳ್ಳುತ್ತಾ, ತಮ್ಮದು ತಪ್ಪಿಲ್ಲ ಅಂತ ತೋರಿಸಲೋ ಏನೋ, ಅತ್ತಿಗೆಯ ಕಡೆ ತಿರುಗಿ ಹೇಳಿದರು:

"ನಿಮ್ಮ ಯಜಮಾನ್ರು ಇಂದೆ ಒಂದ್ಸಲ ತಂದಿದ್ರು ಕಣವ್ವ, ಕಾರ್ಬನ್ ಆಕ್ಸಕ್ಕೆ. ಬೇರಿಂಗೂ ಓಗದೆ ಸಾ, ಆಕ್ಬುಡ್ತೀನಿ, ಸದ್ದು ನಿಂತೋಯ್ತದೆ ಅಂದೆ. ಅದೊಂದ ಮುಟ್ಬ್ಯಾಡ ಅಂದ್ರು. ಯಾಕ್ ಸಾ ಅಂದ್ರೆ, ಈ ಸದ್ದು ಕೇಳುದ್ರೆ ನಮ್ಮನೇವ್ಳು ಗೇಟ್ಗಂಟ ಬತ್ತಳೆ, ಸದ್ದಿಲ್ದೆ ಓದ್ರೆ ಆರನ್ ಒಡ್ಕಂಡು ನಾನೇ ನಿಂತ್ಕಬೇಕು ಅಂದ್ರು. ನಕ್ಬುಟ್ರು."

ಹೇಳಿ ಅವರೂ ನಕ್ಕರು. ನಾನು ಅತ್ತಿಗೆಯ ಕಡೆ ನೋಡಲಿಲ್ಲ. ಬೆಂಚಿನ ಮೇಲೆ ಕಪ್ಪು ಪುಡಿ ಬಿದ್ದಿತ್ತು, ಅದನ್ನೇ ನೋಡಿದೆ. ಅಣ್ಣ ಈಗ ಇಲ್ಲ ಅನ್ನುವ ಸುದ್ದಿಯನ್ನು ಅಂಗಡಿಯವರಿಗೆ ನಾವಿಬ್ಬರೂ ತಿಳಿಸಲಿಲ್ಲ.

ಬೇರಿಂಗು ಬದಲಿಸುವುದೋ ಬೇಡವೋ ಅಂತ ಅವರು ಮತ್ತೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದರು: "ಒಸದು ಆಕಿ."

ತಂತಿ ಹೊಸದಾಗಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸಬೇಕು, ಉಂಗುರವನ್ನು ಲೇತಿಗೆ ಕೊಟ್ಟು ಸಮ ಮಾಡಿಸಬೇಕು, ಬೇರಿಂಗು ಕೊಯಮತ್ತೂರಿನಿಂದ ಬರಬೇಕು. ಮುಂದಿನ ವಾರ ಬನ್ನಿ ಅಂದರು.

ವಾಪಸು ಬಸ್ಸಿನಲ್ಲಿ ಗೆಟ್ಟವಾಡಿ ದಾಟುವವರೆಗೂ ಅತ್ತಿಗೆ ಕಿಟಕಿಯ ಆಚೆ ನೋಡುತ್ತಿದ್ದರು. ಗೆಟ್ಟವಾಡಿ ಅವರ ತವರು. ಇಳಿದು ತಾಯಿಯನ್ನು ನೋಡಿಕೊಂಡು ಹೋಗೋಣವೇ ಅಂದರೆ ತಲೆ ಅಲ್ಲಾಡಿಸಿದರು. ಊರು ದಾಟಿದ ಮೇಲೆ ನನಗಲ್ಲದೆ ತಮಗೇ ಹೇಳಿಕೊಳ್ಳುವಂತೆ ಹೇಳಿದರು.

"ನಾನು ದಿನಾ ಬೈತಿದ್ದೆ. ಒಂದಿನನಾರ ಏಳ್ಬಾರ್ದಾಗಿತ್ತ, ನೀ ಬರ್ಲಿ ಅಂತ್ಲೇ ಕಣೆ ಬುಟ್ಟಿರದು ಅಂತ."

ಆ ವಾರದಲ್ಲಿ ಒಂದು ಸಂಜೆ ಮಾತ್ರ ಅದು ಮತ್ತೆ ಬಂತು. ಆಲ್ಟರ್ನೇಟರು ಹೋಳುಹೋಳಾಗಿ ರಾಜ್ಯದ ಗಡಿಯಾಚೆ ಚಾಮರಾಜನಗರದ ಆ ಬೆಂಚಿನ ಮೇಲಿತ್ತು. ಬೇರಿಂಗು ಕಸಕ್ಕೆ ಸೇರಿತ್ತು. ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಮಣ್ಣುದಾರಿಯ ತುದಿಯಿಂದ ತೆಳ್ಳಗೆ ಏರುತ್ತಾ ಬಂತು. ಹುಲ್ಲು ಕೆಳಗೆ ಹಾಕಿ ಹೋದೆ. ಅತ್ತಿಗೆ ಆಗಲೇ ಗೇಟಿನ ಬಳಿ ಇದ್ದರು, ಚಿಲಕದ ಮೇಲೆ ಕೈ. ಆದರೆ ತೆಗೆದಿರಲಿಲ್ಲ. ಸದ್ದು ಗೇಟಿನ ಆಚೆ ಬಂದು ನಿಂತಿತು. ದಾರಿ ಖಾಲಿ ಇತ್ತು, ಧೂಳೂ ಎದ್ದಿರಲಿಲ್ಲ. ಅತ್ತಿಗೆಯ ತುಟಿ ಅಲುಗಾಡುತ್ತಿತ್ತು. ಮೊದಲು ದೇವರ ನಾಮ ಅಂದುಕೊಂಡೆ. ಹತ್ತಿರ ಹೋದ ಮೇಲೆ ಕೇಳಿತು, ಅಣ್ಣನಿಗೆ ಹೇಳುತ್ತಿದ್ದರು.

"ಗೊತ್ತಾಯ್ತು ಕಣಿ. ಡೈನಮೋದವ್ರು ಏಳುದ್ರು, ಗೊತ್ತಾಯ್ತು. ಒಂಟೋಗಿ."

ಆಮೇಲೆ ಚಿಲಕ ತೆಗೆದು ಗೇಟು ತಳ್ಳಿದರು. ಸದ್ದು ನಿಂತಿತು. ಈ ಸಲ ಒಳಗೆ ಬಂದ ಹಾಗೆ ಅನಿಸಲಿಲ್ಲ.

ಅವತ್ತು ಊಟಕ್ಕೆ ಕುಳಿತಾಗ ನನ್ನ ಹೆಂಡತಿ, ನೀವಿಬ್ಬರೂ ಗೇಟಿನ ಬಳಿ ಏನು ಮಾಡುತ್ತಿದ್ದಿರಿ ಅಂತ ಕೇಳಿದಳು. ಒಂದು ಸದ್ದು ಬಂತು, ಅದಕ್ಕೆ ಅಂದೆ. ಹಿಟ್ಟಿನ ಗಿರಣಿಯ ಮೋಟಾರಿರಬೇಕು ಅಂದಳು. ಅವಳಿಗೇನೂ ಕೇಳಿಸಿರಲಿಲ್ಲ. ಅವಳು ಹೇಳಿದ್ದು ಸರಿ ಇರಲಿ ಅಂತ ನಾನು ನಿಜವಾಗಿಯೂ ಬಯಸಿದೆ. ಬೆಳಿಗ್ಗೆ ಗಿರಣಿಯವರನ್ನು ವಿಚಾರಿಸಿದರೆ, ಸಾಯಂಕಾಲವೆಲ್ಲ ಕರೆಂಟೇ ಇರಲಿಲ್ಲವಲ್ಲ ಅಂದರು. ಇದನ್ನು ನಾನು ಹೆಂಡತಿಗೆ ಹೇಳಲಿಲ್ಲ.

ಮುಂದಿನ ವಾರ ಇಬ್ಬರೂ ಮತ್ತೆ ಹೋದೆವು. ಆಲ್ಟರ್ನೇಟರು ಗುರುತು ಸಿಗದಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಬೆಂಚಿನ ಮೋಟಾರಿಗೆ ಬೆಲ್ಟು ಹಾಕಿ ತಿರುಗಿಸಿ ತೋರಿಸಿದರು. ಹಲಗೆಯ ಮೇಲೆ ಸಾಲಾಗಿ ಹೊಂದಿಸಿದ್ದ ಬಲ್ಬುಗಳು ಒಟ್ಟಿಗೆ ಹತ್ತಿಕೊಂಡವು, ಗಾಳಿ ಬೀಸಿದಷ್ಟು ಸದ್ದೂ ಇಲ್ಲ. ಅತ್ತಿಗೆ ಸ್ವಲ್ಪ ಮುಂದೆ ಬಾಗಿ ಕಿವಿಗೊಟ್ಟು ಕೇಳಿದರು. ಮುದ್ದಾಗಿ ತಿರುಗುತ್ತದೆ ಅಲ್ಲವೇ ಅಂತ ಅಂಗಡಿಯವರು ಹೊಗಳಿಕೆಗೆ ಕಾದರು. ನಾನು ಹೊಗಳಿದೆ, ನಿಜಕ್ಕೂ ಅಚ್ಚುಕಟ್ಟಾದ ಕೆಲಸ. ಹಳೆಯ ಸಾಮಾನು ಬೇಕೇ ಅಂದದ್ದಕ್ಕೆ ಅತ್ತಿಗೆ ಬೇಡ ಅಂದರು.

ಹೊರಡುವಾಗ ಅಂಗಡಿಯವರು ಹಿಂದಿನಿಂದ ಕೂಗಿ ಹೇಳಿದರು: "ಸದ್ದು ಓಯ್ತು ಅಂತ ನನ್ನ ಬಯ್ಬ್ಯಾಡಿ ಅಂತ ಯಜಮಾನ್ರಿಗೆ ಏಳಿ ಕಣವ್ವ."

"ಏಳ್ತೀನಿ," ಅಂದರು ಅತ್ತಿಗೆ.

ಮನೆಗೆ ಬಂದು ಜೋಡಿಸಿ ಸ್ಟಾರ್ಟ್ ಮಾಡಿದೆ. ಬರೀ ಇಂಜಿನ್ನು ಕೇಳಿತು. ಯಾರದೋ ಕಾರಿನಲ್ಲಿ ಕುಳಿತ ಹಾಗಿತ್ತು. ಒಂದು ಸುತ್ತು ಹೋಗಿ ಬಂದಾಗ ಗೇಟು ಮುಚ್ಚಿತ್ತು, ಯಾರೂ ಬರಲಿಲ್ಲ. ಹಾರ್ನ್ ಹೊಡೆಯಬೇಕಾಯಿತು. ಅತ್ತಿಗೆ ಒಳಗಿಂದ ನಿಧಾನವಾಗಿ ಬಂದರು. ನೀನು ಬಂದದ್ದೇ ತಿಳಿಯಲಿಲ್ಲ ಅಂದರು. ಈ ಸಲ ತಲೆ ಎತ್ತಿ ನನ್ನ ಮುಖ ನೋಡಿದರು.

ಬೇಸಿಗೆ ಬರುವಷ್ಟರಲ್ಲಿ ಅವರು ತಾವೇ ಕಾರು ಓಡಿಸಲು ಕಲಿಯುವುದಾಗಿ ಹೇಳಿದರು. ಕಟಾವಾದ ರಾಗಿ ಹೊಲದಲ್ಲಿ ಕಲಿಸಿದೆ. ಅಣ್ಣನ ಉದ್ದಕ್ಕೆ ಹೊಂದಿಸಿದ್ದ ಸೀಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ಬಡಿದು ಮುಂದಕ್ಕೆ ಸರಿಸಿದೆವು. ಈಗ ವಾರಕ್ಕೊಮ್ಮೆ ಗೆಟ್ಟವಾಡಿಗೆ ತಾಯಿಯನ್ನು ನೋಡಲು ಅವರೇ ಹೋಗುತ್ತಾರೆ. ಊರಿನವರು ಮೊದಲು ಏನೇನೋ ಆಡಿಕೊಂಡರು, ಆಮೇಲೆ ಬಿಟ್ಟರು.

ಹೋದ ತಿಂಗಳು ಅವರ ಜೊತೆ ನಾನೂ ಹೋಗಿದ್ದೆ. ಹಿಂದಿರುಗುವಾಗ ಹೊತ್ತು ಮುಳುಗಿ ದೀಪ ಹಾಕಿದ್ದರು. ಬೆಳಕು ದೂರದ ಹುಣಸೆಮರದವರೆಗೂ ಬೆಳ್ಳಗೆ ಬಿದ್ದಿತ್ತು. ರಸ್ತೆಯಿಂದ ಕಣ್ಣು ತೆಗೆಯದೆ ಅವರು ಕೇಳಿದರು.

"ನಂಗೆ ಈಗ ಕೇಳುಸದಿಲ್ಲ ಕಣಪ್ಪ. ಒಂಟೋಗಿ ಅಂತ ಗೇಟ್ ತಗುದ್ ದಿನದಿಂದ ಬಂದೇ ಇಲ್ಲ. ನಿಂಗೆ?"

"ನಂಗೂ ಇಲ್ಲ ಅತ್ಗೆ," ಅಂದೆ.

ಅವರು ತಲೆಯಾಡಿಸಿ ಗೇರು ಬದಲಿಸಿದರು. ಅವರು ಅವನಿಗೆ ಹೋಗು ಅಂತ ಹೇಳಿದ್ದರು, ಅವನು ಅವರನ್ನು ಬಿಟ್ಟು ಹೋಗಿದ್ದ. ನಾನು ಅವನಿಗೆ ಹಾಗೆ ಹೇಳಿಲ್ಲ. ಜೀರಹಳ್ಳಿಯ ಹೊಲದಿಂದ ಬೈಕಿನಲ್ಲಿ ಬರುವಾಗ ಆ ತಿರುವಿನಲ್ಲಿ ಒಮ್ಮೊಮ್ಮೆ ನಿಲ್ಲಿಸಿ ಇಂಜಿನ್ ಆರಿಸುತ್ತೇನೆ. ಮುಂದೆ, ಕಾಡಿನ ಆಚೆ, ಆ ರಾಗ ತೆಳ್ಳಗೆ ಕೇಳುತ್ತದೆ. ಅದು ಪೂರ್ತಿ ಕರಗುವವರೆಗೆ ನಿಂತಿದ್ದು, ಆಮೇಲೆ ಕಿಕ್ ಹೊಡೆದು ಹೊರಡುತ್ತೇನೆ.